ಸಲೀಂ ಮಿರ್ಜಾ ಕೇಳಿದ ಬಾಡಿಗೆ ಮನೆ

ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ 'ಗರ್ಮ್ ಹವಾ' (1973) ಚಿತ್ರವನ್ನು ದೇಶವಿಭಜನೆಯ ಕಥೆಯೆಂದು ಹೊಗಳಿ ಸುಮ್ಮನಾಗುವುದು ನಮಗೆ ಸಾಲದು. ಅಣ್ಣ ಪಾಕಿಸ್ತಾನಕ್ಕೆ ಹೋದದ್ದರಿಂದ ಆಗ್ರಾದ ಹವೇಲಿ ಕೈತಪ್ಪಿ, ಸಲೀಂ ಮಿರ್ಜಾ ಬಾಡಿಗೆ ಮನೆಗಾಗಿ ಅಲೆಯುತ್ತಾನೆ. ಮುಸ್ಲಿಮನೆಂದು ತಿಳಿದೊಡನೆ ಬಾಗಿಲು ಮುಚ್ಚುತ್ತದೆ. ಬಲರಾಜ್ ಸಾಹನಿಯ ಸಂಯಮವೇ ಅಲ್ಲಿ ನಮ್ಮನ್ನು ಹೆಚ್ಚು ಕಲಕುವುದು.

ಆ ಅಲೆದಾಟ ಹಳೆಯದಾಗಿಲ್ಲ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವನಿಗೂ ಮೊದಲು ಬೇಕಾದದ್ದು ಒಂದು ಖೋಲಿ. ಬಾಡಿಗೆ, ಮುಂಗಡ ಎಲ್ಲ ಕುದುರಿದ ಮೇಲೆ ಹೆಸರು ಕೇಳಿ, 'ಮನ್ಯಾಗ ಕೇಳಿ ಹೇಳ್ತೀವ್ರಿ' ಎಂದು, ಮರುದಿನ ಅದೇ ಖೋಲಿ ಬೇರೊಬ್ಬನಿಗೆ ಸಿಕ್ಕರೆ ಅರ್ಥ ಹುಡುಕಬೇಕಿಲ್ಲ. (ದಲಿತನಿಗೆ ಮನೆ ಕೊಡಲು ಗೊಣಗುವವರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ.)

ಕಾನೂನೇನು ಹೇಳುತ್ತದೆ? ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸುತ್ತದೆ. ಬಾಡಿಗೆ ಮನೆಯನ್ನು ಹೆಸರಿಸಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬನ ವಾಸಕ್ಕೆ ಅಡ್ಡಿಪಡಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆಯಿದೆ. ಧರ್ಮ ನೋಡಿ ಮನೆ ನಿರಾಕರಿಸುವ ಖಾಸಗಿ ಮಾಲೀಕನಿಗೆ ಅಂಥ ಕಲಮಿಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಮಾತಾಡುವುದು ಮನೆ ಸಿಕ್ಕವನ ಬಗ್ಗೆ. ಮಿರ್ಜಾ ಇನ್ನೂ ಬೀದಿಯಲ್ಲಿದ್ದಾನೆ.