ಕತೆಯೋ, ಕತ್ತೆಯೋ?

(ಯುಗಾದಿ ನಾಟಕದ ವಿಡಿಯೋ: ಒಂದು ವಿಮರ್ಶೆ)

ಯುಗಾದಿಯ ಸಂಜೆ ನಮ್ಮ ಸಂಘದವರು ಆಡಿದ ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ್ ಬಡಾಯಿ’ ನಾಟಕದ ವಿಡಿಯೋ ಈಗ ಸದಸ್ಯರೆಲ್ಲರ ಮನೆ ಸೇರಿದೆ. ಅದನ್ನು ನೋಡಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಕೇಳಿದರು. ಹೊಗಳಿ ಮುಗಿಸಿಬಿಡುವುದು ಸುಲಭವಿತ್ತು. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹಾಗೆ ಮಾಡಲು ಬಿಡಲಿಲ್ಲ.

ನಾಟಕಕ್ಕೆ ಮುಂಚೆ, ಮಗಳ ಮನೆಗೆಂದು ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು 12 ನಿಮಿಷ ಮಾತಾಡಿದ್ದು ನಿಮಗೆ ನೆನಪಿರಬಹುದು. ಹುಡುಗರಾಗಿದ್ದಾಗ ರಾತ್ರಿಯೆಲ್ಲ ನಾಟಕ ನೋಡಿ ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುತ್ತಿದ್ದದ್ದು, ಮೇಷ್ಟ್ರು ‘ಕತ್ತೆ’ ಎಂದು ಬೈದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದದ್ದು, ಇದನ್ನೆಲ್ಲ ಹೇಳಿ ಸಭೆಯನ್ನು ನಗಿಸಿದ್ದರು. ವಿಡಿಯೋದಲ್ಲಿ ಆ ಭಾಗ ಬಂದಾಗ, ಅಂದು ಜ್ವರವೆಂದು ಮನೆಯಲ್ಲೇ ಉಳಿದಿದ್ದ ನಮ್ಮ ಎಂಟು ವರ್ಷದ ಮಗಳು ಕೇಳಿದಳು: “ಅಮ್ಮಾ, ಮೇಷ್ಟ್ರು ಆ ತಾತನ್ನ ‘ಕತೆ’ ಅಂತ ಯಾಕೆ ಬೈತಿದ್ರು?”

ನಾವು ನಕ್ಕೆವು. ಆಮೇಲೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿದೆವು. ಮಗು ಹೇಳಿದ್ದೇ ಸರಿ. ಅಲ್ಲಿ ಕತ್ತೆ ಇರಲಿಲ್ಲ, ಕತೆಯೇ ಇತ್ತು. ಆ ಸಂಜೆ ಸಭೆಯಲ್ಲಿದ್ದ ನಾವು ನೆನಪಿನಿಂದ ತುಂಬಿಕೊಂಡು ಕೇಳುತ್ತಿದ್ದೆವು. ಅವಳು ವಿಡಿಯೋದಲ್ಲಿ ಇದ್ದದ್ದನ್ನು ಮಾತ್ರ ಕೇಳಿದಳು.

ಮೊದಲು ಒಳ್ಳೆಯ ಮಾತು ಆಡಬೇಕು. ಚಿತ್ರ ಸೊಗಸಾಗಿದೆ. ಮೂರು ಕ್ಯಾಮೆರಾ ಇಟ್ಟು ತೆಗೆದಿದ್ದಾರೆ. ವಕೀಲ ಅಹೋಬ್ಲು ಬಡಾಯಿ ಕೊಚ್ಚುವಾಗ ಅವನ ಮುಖ, ಕೂಡಲೇ ಕೇಳುವವರ ಮುಖ, ಹೀಗೆ ಜೋಡಿಸಿದ ರೀತಿ ಚೆನ್ನ. ಸೀರೆಯ ಅಂಚಿನ ಜರಿ ಕೂಡ ಎಣಿಸುವಷ್ಟು ಸ್ಪಷ್ಟ. ಇಬ್ಬರು ತರುಣ ಸದಸ್ಯರು ಆಫೀಸು ಮುಗಿಸಿ ಬಂದು ರಾತ್ರಿ ಕೂತು ಮಾಡಿದ ಕೆಲಸವಿದು. ಅವರ ಶ್ರಮಕ್ಕೆ ನಮ್ಮ ನಮಸ್ಕಾರ.

ಆದರೆ ಇದು ಕೈಲಾಸಂ ನಾಟಕ. ಅವರ ಸಾಮಾಜಿಕ ನಾಟಕಗಳಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಇಂಗ್ಲಿಷು ಬೆರೆತ ಮನೆಮಾತು, ಅರ್ಧ ನುಂಗಿದ ಪದ, ಬೇಕೆಂದೇ ಎಳೆದ ರಾಗ, ಇವೇ ಅಲ್ಲಿನ ಬಂಡವಾಳ. ನಾಟಕದ ಹೆಸರನ್ನೇ ನೋಡಿ: ‘ಬಂಡವಾಳವಿಲ್ಲದ’ ಎಂದು ಬರೆಯದೆ ಬಾಯಲ್ಲಿ ಬರುವ ಹಾಗೆ ಬರೆದಿದ್ದಾರೆ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ನಿಲಯ ತೆರೆದ ಮೇಲೆ, ಎಷ್ಟೋ ತಲೆಮಾರಿನವರು ನಾಟಕವೆಂದರೆ ರೇಡಿಯೋ ಮುಂದೆ ಕೂತು ಕೇಳುವುದೆಂದೇ ತಿಳಿದು ಬೆಳೆದರು. ಚಿತ್ರವಿಲ್ಲದ ನಾಟಕ ಸಾಗುತ್ತದೆ. ಮಾತು ಕೇಳಿಸದ ನಾಟಕ ಮೂಕಾಭಿನಯ.

ಹಾಗಾದರೆ ಆದದ್ದೇನು? ಮೂರು ಕ್ಯಾಮೆರಾಗಳಿದ್ದವು, ಒಂದು ಕಿವಿಯೂ ವೇದಿಕೆಯ ಹತ್ತಿರ ಇರಲಿಲ್ಲ. ದನಿಯನ್ನೆಲ್ಲ ಸಭಾಂಗಣದ ಹಿಂಬದಿಯ ಕ್ಯಾಮೆರಾದಿಂದ, ಅಂದರೆ ಸುಮಾರು 60 ಅಡಿ ದೂರದಿಂದ, ತೆಗೆದುಕೊಂಡಿದ್ದಾರೆ. ಕ್ಯಾಮೆರಾದ ಕಣ್ಣು ದೂರದ್ದನ್ನು ಹತ್ತಿರ ಎಳೆಯುತ್ತದೆ. ಅದರ ಮೈಕಿಗೆ ಆ ವಿದ್ಯೆ ಇಲ್ಲ, ಅದು ಇದ್ದಲ್ಲಿಂದಲೇ ಕೇಳಬೇಕು. ಆಡುವವರ ಬಾಯಿಂದ ನೇರವಾಗಿ ಬರುವ ದನಿ, ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. 6 ಅಡಿಯಿಂದ 60 ಅಡಿಗೆ ಹೋದರೆ ನಷ್ಟ 20 ಡೆಸಿಬಲ್, ಶಕ್ತಿಯ ಲೆಕ್ಕದಲ್ಲಿ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ, ಶಾಲೆಯ ಹೀಟರಿನ ಗಾಳಿಯ ಸದ್ದು, ಹಿಂದಿನ ಸಾಲಿನ ಚಕ್ಕುಲಿಯ ಪೊಟ್ಟಣ, ಇವು ಮಾತ್ರ ಹಿಂದೆ ಹೋದರೂ ಹಾಗೆ ಇಳಿಯುವುದಿಲ್ಲ.

ಈಗ ಕತ್ತೆಗೆ ಬರೋಣ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ನಾಲಿಗೆ ಹಲ್ಲಿಗೆ ತಗುಲಿ ನಿಲ್ಲುವ ಒಂದು ಕ್ಷಣದ ಮೌನ. ಒತ್ತಕ್ಷರದಲ್ಲಿ ಆ ಮೌನ ಉದ್ದ, ಇನ್ನೊಂದರಲ್ಲಿ ಗಿಡ್ಡ. ದೊಡ್ಡ ಸಭಾಂಗಣದ ಪ್ರತಿಧ್ವನಿ ಸರಿಯಾಗಿ ಆ ಸಂದಿಯೊಳಕ್ಕೆ ನುಗ್ಗಿ ತುಂಬಿಕೊಳ್ಳುತ್ತದೆ. ಒತ್ತಿನಿಂದಲೇ ಅರ್ಥ ಬದಲಾಗುವ ನಮ್ಮಂಥ ಭಾಷೆಗೆ ಇದು ಸಣ್ಣ ನಷ್ಟವಲ್ಲ.

ಇನ್ನೊಂದು ದೋಷ ನಗೆಯ ಜಾಗಗಳಲ್ಲಿದೆ. ಕ್ಯಾಮೆರಾ ತನ್ನಷ್ಟಕ್ಕೆ ದನಿಯ ಮಟ್ಟ ಏರಿಸಿ ಇಳಿಸುವ ಹಾಗೆ ಬಿಟ್ಟಿದ್ದಾರೆ. ನಟ ಮಾತು ನಿಲ್ಲಿಸಿ ಒಂದು ಕ್ಷಣ ಸುಮ್ಮನಾದರೆ, ಯಂತ್ರವು ಏನೂ ಕೇಳಿಸುತ್ತಿಲ್ಲವೆಂದು ಮಟ್ಟ ಏರಿಸುತ್ತದೆ, ಹೀಟರು ಭೋರೆನ್ನುತ್ತದೆ. ಸಭೆ ನಕ್ಕರೆ ಬೆದರಿ ಇಳಿಸುತ್ತದೆ, ಮುಂದಿನ ಮಾತು ಅದರಡಿ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಹಾಸ್ಯ ನಾಟಕದಲ್ಲಿ ಮೌನಕ್ಕೂ ಬೆಲೆಯಿದೆ. ಇಲ್ಲಿ ಒಂದು ಮೌನವೂ ಉಳಿದಿಲ್ಲ.

ದೂರು ಬಂದ ಮೇಲೆ ‘ಸುಧಾರಿಸಿದ’ ಪ್ರತಿಯೊಂದನ್ನು ಕಳಿಸಿದರು. ನಮ್ಮ ಮಟ್ಟಿಗೆ ಅದು ಮೊದಲಿನದಕ್ಕಿಂತ ಕಡೆ. ತಂತಿಯಿಂದ ಬರುವ ಗುಂಯ್ ಎಂಬ ಸದ್ದನ್ನು, ಈ ದೇಶದಲ್ಲಿ 60 ಹರ್ಟ್ಸ್, ನಮ್ಮೂರಲ್ಲಿ 50, ಕಂಪ್ಯೂಟರು ಚೆನ್ನಾಗಿ ತೆಗೆಯಬಲ್ಲದು, ಯಾಕೆಂದರೆ ಅದು ಒಂದೇ ಶ್ರುತಿಯಲ್ಲಿ ಕೂತಿರುತ್ತದೆ. ಗಾಳಿಯ ಸದ್ದು ಹಾಗಲ್ಲ, ಅದು ಎಲ್ಲ ಶ್ರುತಿಗಳಲ್ಲೂ ಹರಡಿರುತ್ತದೆ. ಸ, ಶ, ಷ ಅಕ್ಷರಗಳೂ ಮಹಾಪ್ರಾಣದ ಉಸಿರೂ ಗಾಳಿಯ ಸದ್ದೇ ತಾನೆ! ಎಲ್ಲವನ್ನೂ ಒಂದೇ ಪೊರಕೆಯಲ್ಲಿ ಗುಡಿಸಿದಾಗ ಹೀಟರು ಹೋಯಿತು, ಅದರ ಜೊತೆ ಹಿರಿಯರ ಹಲ್ಲೂ ಹೋಯಿತು. ಅವರು ಈಗ ಬಾವಿಯೊಳಗಿಂದ ಮಾತಾಡುತ್ತಿದ್ದಾರೆ. ಮುದ್ರಣವಾದ ದನಿಯನ್ನು ತೊಳೆಯಬಹುದು, ಮುದ್ರಣವೇ ಆಗದ ದನಿಯನ್ನು ಯಾವ ಸಾಬೂನೂ ತರಲಾರದು.

‘ದನಿ ಆಮೇಲೆ ನೋಡಿಕೊಳ್ಳೋಣ’ ಎಂಬ ಅಭ್ಯಾಸ ನಮಗೆ ಸಿನಿಮಾದಿಂದ ಬಂದಿರಬೇಕು. ದಶಕಗಳ ಕಾಲ ನಮ್ಮ ಚಿತ್ರಗಳಲ್ಲಿ ಚಿತ್ರೀಕರಣ ಒಂದು ಕಡೆ, ಮಾತು ಸ್ಟುಡಿಯೋದಲ್ಲಿ. ಹಿಂದಿಯ ‘ಲಗಾನ್’ 2001ರಲ್ಲಿ ಚಿತ್ರೀಕರಣದ ಜಾಗದಲ್ಲೇ ಮಾತು ಹಿಡಿದು ಈ ರೂಢಿಯನ್ನು ಅಲುಗಿಸಿತು. ಕನ್ನಡದಲ್ಲಿ 2015ರ ‘ತಿಥಿ’ಯನ್ನು ನೋಡಿ: ಮಂಡ್ಯ ಸೀಮೆಯ ಹಳ್ಳಿಯ ಜನ, ನಟರಲ್ಲದವರು, ತಮ್ಮದೇ ಮಾತಿನಲ್ಲಿ ಆಡುತ್ತಾರೆ. ಅಲ್ಲಿ ಮಾತಿನ ಸೊಗಡನ್ನು ತೆಗೆದುಬಿಟ್ಟರೆ ಚಿತ್ರದಲ್ಲಿ ಉಳಿಯುವುದು ಅರ್ಧವೇ. ಸಿನಿಮಾದವರಿಗಾದರೆ ನಟನನ್ನು ಮತ್ತೆ ಸ್ಟುಡಿಯೋಗೆ ಕರೆಸುವ ದಾರಿಯಿದೆ. ನಮಗೆ ಅದೂ ಇಲ್ಲ. ಆ ಹಿರಿಯರು ಜೂನ್ ತಿಂಗಳಲ್ಲೇ ಮೈಸೂರಿಗೆ ಹೊರಟುಹೋದರು. ಇನ್ನು ಇಷ್ಟು ದೂರ ಪ್ರಯಾಣ ಮಾಡಲಾರೆನೆಂದು ಅವರೇ ಹೇಳಿದ್ದಾರೆ.

ತಪ್ಪು ಯಾರದು? ಆ ಇಬ್ಬರು ತರುಣರದಲ್ಲ. ಬಜೆಟ್ ಮಂಜೂರು ಮಾಡಿದ ಸಭೆಯಲ್ಲಿ ನಾವೂ ಇದ್ದೆವು. ಮೂರನೆಯ ಕ್ಯಾಮೆರಾದ ಬಾಡಿಗೆಗೆ ಕೈ ಎತ್ತಿದವರಲ್ಲಿ ನಮ್ಮ ಕೈಯೂ ಒಂದು. ಮೈಕಿನ ಮಾತು ಬಂದಾಗ “ಕ್ಯಾಮೆರಾದಲ್ಲೇ ಇರುತ್ತಲ್ಲ” ಎಂದು ಯಾರೋ ಅಂದರು, ಎಲ್ಲರೂ ತಲೆಯಾಡಿಸಿ ಊಟದ ಲೆಕ್ಕಕ್ಕೆ ಹೋದೆವು. ಆದ್ದರಿಂದ ಈ ವಿಮರ್ಶೆ ನಮ್ಮ ಮೇಲೂ ಹೌದು.

ಇಷ್ಟರಲ್ಲಿ ಒಂದು ಸಮಾಧಾನದ ಸುದ್ದಿ. ಹಿರಿಯರ ಮಗಳು ಮೊದಲ ಸಾಲಿನಲ್ಲಿ ಕೂತು, ತೊಡೆಯ ಮೇಲಿಟ್ಟ ಫೋನಿನಲ್ಲಿ ಅಪ್ಪನ ಮಾತನ್ನು ಹಿಡಿದಿದ್ದರಂತೆ. ಕೇಳಿ ತರಿಸಿಕೊಂಡೆವು. ಚಿತ್ರದಲ್ಲಿ ಕಾಣುವುದು ವೇದಿಕೆಯ ಅಂಚು, ತಾತನ ಪಂಚೆ, ಯಾರದೋ ಭುಜ. ಆದರೆ ದನಿ! ಪೋಡಿಯಂ ಬಿಟ್ಟು ಮುಂದೆ ಬಂದು ನಿಂತಿದ್ದ ಅವರಿಗೂ ಆ ಫೋನಿಗೂ ನಡುವೆ 6 ಅಡಿ. ಪ್ರತಿ ಒತ್ತೂ ಒತ್ತಾಗಿಯೇ ಇದೆ, ನಡುವೆ ಅವರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಇಡೀ ಸಂಜೆಯ ಅತ್ಯುತ್ತಮ ಧ್ವನಿಮುದ್ರಣ ಅದೇ. ಮಗಳಿಗೆ ಕೇಳಿಸಿದೆವು. “ಓ, ಡಾಂಕಿ!” ಎಂದು ನಕ್ಕಳು.

ನಮ್ಮ ಕೋರಿಕೆ ಎರಡು. ಒಂದು, ಈ ಫೋನಿನ ದನಿಯನ್ನು ವಿಡಿಯೋದ ಆ 12 ನಿಮಿಷಗಳಿಗೆ ಕೂಡಿಸಿ ಹೊಸ ಪ್ರತಿ ಕೊಡಬೇಕು. ಎರಡು ಯಂತ್ರಗಳ ಗಡಿಯಾರ ಕೊಂಚ ಬೇರೆ ಓಡಿದರೂ ಇಷ್ಟು ಚಿಕ್ಕ ಭಾಗದಲ್ಲಿ ಅದು ತೊಂದರೆಯಾಗದು, ಮೊದಲ ಚಪ್ಪಾಳೆಗೆ ಚಪ್ಪಾಳೆ ಹೊಂದಿಸಿದರೆ ಸಾಕು. ಎರಡು, ರಾಜ್ಯೋತ್ಸವಕ್ಕೆ ಎರಡೇ ಕ್ಯಾಮೆರಾ ಇರಲಿ. ಉಳಿದ ಹಣದಲ್ಲಿ ವೇದಿಕೆಯ ಅಂಚಿಗೆ ನೆಲದ ಮೇಲಿಡುವ ಚಪ್ಪಟೆ ಮೈಕುಗಳು, ಮುಖ್ಯ ಪಾತ್ರಗಳ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕುಗಳು, ಇವೆಲ್ಲ ಸೇರುವಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂರುವ ಒಬ್ಬ ಮನುಷ್ಯ ಬೇಕು. ದನಿಯ ಮಟ್ಟವನ್ನು ಅವನೇ ಕೈಯಿಂದ ಹಿಡಿದಿರಲಿ, ಗಟ್ಟಿ ಮಾತಿಗೂ ಮೇಲೆ ಜಾಗ ಉಳಿಸಿಕೊಂಡಿರಲಿ. ಮಿತಿ ಮೀರಿ ಒಡೆದ ದನಿ ಮತ್ತೆ ಕೂಡುವುದಿಲ್ಲ. ನಾಟಕ ನಡೆಯುವಷ್ಟು ಹೊತ್ತು ಹೀಟರು ನಿಲ್ಲಿಸಿರೆಂದು ಶಾಲೆಯವರನ್ನು ಮೊದಲೇ ಕೇಳಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಈ ವಿಡಿಯೋಗಳನ್ನು ನಾವು ಯಾರಿಗಾಗಿ ಮಾಡುತ್ತೇವೆ? ಊರಿನಲ್ಲಿ ಫೋನಿಗೆ ಕಿವಿ ಒಡ್ಡಿ ಕೂರುವ ಅಪ್ಪ ಅಮ್ಮಂದಿರಿಗೆ. ಮುಂದೆ ಎಂದೋ ‘ನಮ್ಮ ಅಜ್ಜ ಹೇಗೆ ಮಾತಾಡುತ್ತಿದ್ದರು?’ ಎಂದು ಕೇಳಬಹುದಾದ ಮಕ್ಕಳಿಗೆ. ಆ ಮಕ್ಕಳು ಇಲ್ಲಿ ಕನ್ನಡವನ್ನು ಕಿವಿಯಿಂದಲೇ ಕಲಿಯಬೇಕು. ಜರಿಯ ಅಂಚು ಮಸುಕಾದರೆ ಚಿಂತೆಯಿಲ್ಲ. ಕತ್ತೆ ಕತ್ತೆಯಾಗಿಯೇ ಕೇಳಿಸಲಿ.