ಯಾರ ದನಿಯಲ್ಲಿ ಕೇಳುತ್ತಿದ್ದೇವೆ?

ಕೋಲಾರದ ಚಿನ್ನದ ಗಣಿ ಎಂದ ಕೂಡಲೇ ಇಂದು ದೇಶದ ಬಹುಪಾಲು ಜನರಿಗೆ ನೆನಪಾಗುವುದು 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್’ ಸಿನಿಮಾ. ಅದು ತೋರಿಸಿದ ಗಣಿಗೂ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ನಿಜವಾದ ಬದುಕಿಗೂ ಹೆಚ್ಚಿನ ಸಂಬಂಧವಿಲ್ಲ ಎನ್ನುವುದು ಬೇರೆ ಮಾತು. ಇಲ್ಲಿ ಪ್ರಸ್ತಾಪಿಸಬೇಕೆಂದಿರುವುದು ಆ ಸಿನಿಮಾದ ಕಥೆ ಹೇಳುವ ದನಿಯನ್ನು. ಮೊದಲ ಭಾಗದಲ್ಲಿ ಹಿರಿಯ ಪತ್ರಕರ್ತನೊಬ್ಬ ತಾನು ಬರೆದ, ನಿಷೇಧಕ್ಕೊಳಗಾದ ಪುಸ್ತಕದ ಕಥೆಯನ್ನು ಬಾಯಿಯಲ್ಲಿ ಹೇಳುತ್ತಾ ಹೋಗುತ್ತಾನೆ. ಆ ಪಾತ್ರ ವಹಿಸಿದವರು ಅನಂತನಾಗ್. 2022ರ ಎರಡನೇ ಭಾಗದಲ್ಲಿ ಕಥೆ ಮುಂದುವರಿಸುವುದು ಪ್ರಕಾಶ್ ರಾಜ್ ಅವರ ಪಾತ್ರ. ಹೇಳುವವರು ಬದಲಾದದ್ದೇ ತಡ, ಸಿನಿಮಾ ಬಿಡುಗಡೆಯಾಗುವ ಮೊದಲೇ ಅಭಿಮಾನಿಗಳಲ್ಲಿ ಚರ್ಚೆ ಶುರುವಾಯಿತು. ಕಥೆ ಅದೇ, ನಾಯಕ ಅವನೇ. ಆದರೂ ದನಿ ಬದಲಾದರೆ ಕಥೆಯೇ ಬದಲಾಯಿತೇನೋ ಎಂದು ಜನರಿಗೆ ಅನಿಸಿತು.

ಸಾಮಾನ್ಯ ಪ್ರೇಕ್ಷಕರಿಗೆ ಹೀಗೆ ಸಹಜವಾಗಿ ಹೊಳೆದ ವಿಷಯ ನಮ್ಮ ಸಾಹಿತ್ಯ ವಿಮರ್ಶೆಗೆ ಇನ್ನೂ ಹೊಳೆದಿಲ್ಲ. ಕನ್ನಡದ ಕಥೆ ಕಾದಂಬರಿಗಳು ಈಗ ಆಡಿಯೋ ಪುಸ್ತಕಗಳಾಗಿ ಬರುತ್ತಿವೆ. ಸ್ವೀಡನ್ ಮೂಲದ ಸ್ಟೋರಿಟೆಲ್ 2017ರಲ್ಲಿ ಭಾರತಕ್ಕೆ ಬಂತು. ಕನ್ನಡದ್ದೇ ಆದ ಮೈಲ್ಯಾಂಗ್ 2020ರ ಸುಮಾರಿಗೆ ಶುರುವಾಯಿತು. ಪುಸ್ತಕ ಬಂದರೆ ನಾವು ಲೇಖಕರ ಬಗ್ಗೆ ಬರೆಯುತ್ತೇವೆ, ಅನುವಾದಕರ ಬಗ್ಗೆ ಬರೆಯುತ್ತೇವೆ, ಮುಖಪುಟದ ಬಗ್ಗೆಯೂ ಒಂದು ಸಾಲು ಬರೆಯುತ್ತೇವೆ. ಆದರೆ ಗಂಟೆಗಟ್ಟಲೆ ಕೂತು ಪುಸ್ತಕವನ್ನು ಓದಿ ಹೇಳಿದವರ ಬಗ್ಗೆ ಬರೆಯುವುದಿಲ್ಲ. ‘ವಾಚಕ’ ಎಂಬ ಪದಕ್ಕೆ ಕನ್ನಡದಲ್ಲಿ ಓದುವವನು ಎಂಬ ಅರ್ಥವೂ ಇದೆ, ಓದಿ ಹೇಳುವವನು ಎಂಬ ಅರ್ಥವೂ ಇದೆ. ಪತ್ರಿಕೆಗಳ ‘ವಾಚಕರ ವಾಣಿ’ಯಲ್ಲಿ ನಮಗೆ ಮೊದಲನೆಯವರ ಮಾತು ಸಿಗುತ್ತದೆ. ಎರಡನೆಯವರ ಬಗ್ಗೆ ಮಾತೇ ಇಲ್ಲ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಬೆಂಗಳೂರಿನ ಜಯನಗರದಲ್ಲಿ ಕೂತು ಕೇಳಿದರೆ ಅಲ್ಲದಿರಬಹುದು. ಬಂಗಾರಪೇಟೆಯಲ್ಲಿ ನಿಂತು ನೋಡಿದರೆ ಹೌದು.

ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲು ಹಳಿ ಬಿದ್ದದ್ದು 1894ರಲ್ಲಿ, ಗಣಿಯ ಸಲುವಾಗಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಮೇಲೆ ಅದೇ ಹಳಿಯೇ ಊರಿನ ಹೊಟ್ಟೆಪಾಡಿನ ದಾರಿಯಾಯಿತು. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಿಇಎಂಎಲ್ ನಗರದ ನಿಲ್ದಾಣಗಳಲ್ಲಿ ಬೆಳಗಿನ ಜಾವ ಹತ್ತಿದವರು ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿನ ಕೆಲಸಕ್ಕೆ ಹೋಗಿ, ರಾತ್ರಿ ಮರಳುತ್ತಾರೆ. ದಿನದ ಹಲವು ಗಂಟೆ ರೈಲಿನಲ್ಲೇ ಕಳೆಯುತ್ತದೆ. ನಿಂತು ಹೋಗುವವನಿಗೆ ಪುಸ್ತಕ ಬಿಡಿಸಲು ಜಾಗವೆಲ್ಲಿ? ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬಹುದು, ಅಷ್ಟೇ.

ಇಲ್ಲಿ ಇನ್ನೊಂದು ಸಂಗತಿಯಿದೆ. ಈ ರೈಲಿನಲ್ಲಿ ತಮಿಳು, ತೆಲುಗು, ದಖನಿ ಉರ್ದು, ಕನ್ನಡ ನಾಲ್ಕೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಗಣಿ ಕೆಲಸಕ್ಕೆಂದು ಬಂದ ಕುಟುಂಬಗಳ ಮನೆಮಾತು ಹೆಚ್ಚಾಗಿ ತಮಿಳು ಅಥವಾ ತೆಲುಗು. ಮುಸ್ಲಿಮರ ಮನೆಮಾತು ದಖನಿ. ಇವರಲ್ಲಿ ಅನೇಕರು ಕನ್ನಡವನ್ನು ಸರಾಗವಾಗಿ ಮಾತನಾಡುತ್ತಾರೆ, ಆದರೆ ಓದುವುದು ನಿಧಾನ. ತಮಿಳು ಅಥವಾ ಉರ್ದು ಮಾಧ್ಯಮದಲ್ಲಿ ಕಲಿತವರಿಗೆ ಇನ್ನೂರು ಪುಟದ ಕನ್ನಡ ಕಾದಂಬರಿ ಒಂದು ಬೆಟ್ಟವೇ ಸರಿ. ಅಂಥವರಿಗೆ ಆಡಿಯೋ ಪುಸ್ತಕವೇ ಕನ್ನಡ ಸಾಹಿತ್ಯದ ಮೊದಲ ಬಾಗಿಲು. ಅಕ್ಷರ ಬಲ್ಲವನಿಗೆ ವಾಚಕನ ದನಿ ಹಿಡಿಸದಿದ್ದರೆ ಪುಸ್ತಕ ಕೊಂಡು ಓದಿಕೊಳ್ಳುತ್ತಾನೆ. ಕೇಳಿಯೇ ತಿಳಿಯಬೇಕಾದವನಿಗೆ ಆ ದನಿಯೇ ಪುಸ್ತಕ. ಅದು ತಪ್ಪಿದರೆ ಪುಸ್ತಕವೇ ತಪ್ಪಿದಂತೆ.

ಕೇಳುಗರ ನಾಲ್ಕು ಮಾತು

ಆಡಿಯೋ ಪುಸ್ತಕ ಕೇಳುವವರು ಎಲ್ಲೇ ಸೇರಿದರೂ ಆಡುವ ಮಾತುಗಳನ್ನು ಗುಂಪು ಮಾಡಿದರೆ ಮುಖ್ಯವಾಗಿ ನಾಲ್ಕು ಆಕ್ಷೇಪಗಳು ಕಾಣುತ್ತವೆ. ಹಿನ್ನೆಲೆ ಸಂಗೀತ ಜಾಸ್ತಿ ಎಂಬುದು ಮೊದಲನೆಯದು. ವಾರ್ತೆ ಓದಿದ ಹಾಗೆ ಓದುತ್ತಾರೆ ಎಂಬುದು ಎರಡನೆಯದು. ಅದಕ್ಕೆ ತದ್ವಿರುದ್ಧವಾಗಿ, ನಾಟಕ ಮಾಡುತ್ತಾರೆ, ಹೆಣ್ಣು ಪಾತ್ರ ಬಂದರೆ ಗಂಟಲು ಕಿರಿದು ಮಾಡುತ್ತಾರೆ ಎಂಬುದು ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ‘ನಮ್ಮ ಮಾತು ಅವರ ಬಾಯಲ್ಲಿ ನಮ್ಮದಾಗಿ ಕೇಳುವುದಿಲ್ಲ.’

ಮೊದಲ ಮೂರು ಆಕ್ಷೇಪಗಳು ಹೊಸವಲ್ಲ. ಆಡಿಯೋ ಪುಸ್ತಕ ಹುಟ್ಟಿದ್ದು ಮನರಂಜನೆಗಲ್ಲ, ಕಣ್ಣು ಕಾಣದವರಿಗಾಗಿ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬ್ರಿಟನ್ನಿನಲ್ಲಿ 1935ರಲ್ಲಿ ‘ಮಾತಾಡುವ ಪುಸ್ತಕ’ಗಳ ಗ್ರಂಥಾಲಯ ಶುರುವಾಯಿತು. ಅಮೆರಿಕದಲ್ಲೂ ಅದೇ ಕಾಲದಲ್ಲಿ ಇಂಥ ಕೆಲಸ ನಡೆಯಿತು. ವಾಚಕ ಓದಬೇಕೋ, ನಟಿಸಬೇಕೋ ಎಂಬ ವಾದ ಆಗಲೇ ಎದ್ದಿತ್ತು. ವಾಚಕ ತನಗೂ ಪುಸ್ತಕಕ್ಕೂ ನಡುವೆ ಬಂದು ನಿಲ್ಲಬಾರದು ಎಂದು ಹಲವು ಅಂಧ ಓದುಗರು ಹೇಳುತ್ತಿದ್ದರು. ಇದು ಅನುಭವದಿಂದ ಬಂದ ಮಾತು. ಕಣ್ಣಿದ್ದವನು ಪುಟದಿಂದ ತನಗೆ ಬೇಕಾದ ಅರ್ಥವನ್ನು ತಾನೇ ತೆಗೆದುಕೊಳ್ಳುತ್ತಾನೆ. ಆ ಸ್ವಾತಂತ್ರ್ಯ ತಮಗೂ ಇರಲಿ ಎಂಬುದು ಅವರ ಬೇಡಿಕೆ. ಬೆಂಗಳೂರಿನಲ್ಲಿ 1990ರಲ್ಲಿ ಶುರುವಾದ ಮಿತ್ರಜ್ಯೋತಿಯ ಧ್ವನಿಪುಸ್ತಕ ಗ್ರಂಥಾಲಯದಂಥ ಸಂಸ್ಥೆಗಳು ಸ್ವಯಂಸೇವಕರ ದನಿಯಲ್ಲಿ ಈ ಕೆಲಸವನ್ನು ಆ್ಯಪ್‌ಗಳಿಗಿಂತ ಬಹಳ ಮೊದಲೇ ಮಾಡಿವೆ. ಕನ್ನಡದ ವಾಚಕರು ಪಾಠ ಕಲಿಯುವುದಾದರೆ ಈ ಕೇಳುಗರಿಂದ ಕಲಿಯಬೇಕು. ಕೇಳುವುದರಲ್ಲಿ ಅವರು ನಮಗಿಂತ ಹಿರಿಯರು.

ನಮ್ಮ ನೆಲದಲ್ಲೂ ಓದಿ ಹೇಳುವ ಕಲೆಗೆ ಬಡತನವಿಲ್ಲ. ಗಮಕದಲ್ಲಿ ಹಾಡುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ರಾಗ ಎಷ್ಟೇ ಸೊಗಸಾಗಿದ್ದರೂ ಪದ ಒಡೆಯುವುದು ತಪ್ಪಿದರೆ ಗಮಕಿಯನ್ನು ಸಭೆ ಒಪ್ಪುವುದಿಲ್ಲ. ಇನ್ನೊಂದು ಕಡೆ, ಗೌರಿಬಿದನೂರು ತಾಲೂಕಿನ ಅಲೀಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಮೊಹರಂ ಆಚರಣೆಗೆ ಹೆಸರಾದ ಊರು. ಮೊಹರಂನ ಶೋಕಕಾವ್ಯವಾದ ಮರ್ಸಿಯಾವನ್ನು ಒಪ್ಪಿಸುವುದರಲ್ಲಿ ಎರಡು ಪದ್ಧತಿಗಳಿವೆ. ರಾಗದಲ್ಲಿ ಹಾಡುವುದು ‘ಸೋಜ್’. ರಾಗವಿಲ್ಲದೆ, ಬರೀ ಮಾತಿನ ಏರಿಳಿತದಲ್ಲಿ ಹೇಳುವುದು ‘ತಹ್ತುಲ್ ಲಫ್ಜ್’. ಈ ಎರಡನೆಯದು ವಾರ್ತೆಯೂ ಅಲ್ಲ, ನಾಟಕವೂ ಅಲ್ಲ. ಯಾವ ವಾದ್ಯದ ಆಸರೆಯೂ ಇಲ್ಲದೆ ಒಂದು ದನಿ ಸಭೆಯನ್ನು ಅಳಿಸಬಲ್ಲದು. ಪಿಟೀಲು, ಕೊಳಲು ಸೇರಿಸದಿದ್ದರೆ ಕೇಳುಗ ಎದ್ದು ಹೋಗುತ್ತಾನೆ ಎಂದು ಹೆದರುವ ನಿರ್ಮಾಪಕರು ಒಮ್ಮೆ ಇದನ್ನು ಕೇಳಬೇಕು.

ದನಿಯ ಓರೆ ಅಕ್ಷರ

ಇನ್ನು ನಾಲ್ಕನೆಯ ಆಕ್ಷೇಪ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ ಆ ಪುಸ್ತಕದಲ್ಲಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ, ಅಂದರೆ ಇಟಾಲಿಕ್ಸ್‌ನಲ್ಲಿ ಅಚ್ಚು ಹಾಕಿಸಲಿಲ್ಲ. ಯಾಕೆ ಎಂಬುದಕ್ಕೆ ಪ್ರತ್ಯೇಕ ಟಿಪ್ಪಣಿಯನ್ನೇ ಬರೆದರು. ಓರೆ ಅಕ್ಷರ ಒಂದು ಪದವನ್ನು ಬೆರಳು ಮಾಡಿ ತೋರಿಸಿ ‘ಇದು ಹೊರಗಿನದು’ ಎನ್ನುತ್ತದೆ.

ದನಿಗೂ ಓರೆ ಅಕ್ಷರವುಂಟು. ‘ನಮಾಜ್’, ‘ಬುರ್ಖಾ’, ‘ಜನಾಜಾ’ ಎಂಬ ಪದ ಬಂದ ಕೂಡಲೇ ವಾಚಕ ಅರೆಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು, ಒತ್ತಿ ಹೇಳಿದರೆ ಅದು ದನಿಯ ಇಟಾಲಿಕ್ಸ್. ಕಥೆಯೊಳಗಿನ ಮನೆಯಲ್ಲಿ ದಿನಕ್ಕೆ ಐದು ಬಾರಿ ಬಳಕೆಯಾಗುವ ಮಾತು ವಾಚಕನ ನಾಲಿಗೆಯಲ್ಲಿ ಪರದೇಶಿಯಾಗುತ್ತದೆ. ಆ ಮನೆಯಿಂದ ಬಂದ ಕೇಳುಗನಿಗೆ ಕೂಡಲೇ ತಿಳಿಯುತ್ತದೆ, ಈ ಪುಸ್ತಕವನ್ನು ಓದುತ್ತಿರುವುದು ತನಗಾಗಿ ಅಲ್ಲ, ತನ್ನನ್ನು ಇನ್ನೊಬ್ಬರಿಗೆ ತೋರಿಸುವುದಕ್ಕಾಗಿ ಎಂದು.

ಇದಕ್ಕಿಂತ ಕೆಟ್ಟದ್ದು ಸಿನಿಮಾದಿಂದ ಬಂದ ‘ನಮ್ದುಕೆ-ನಿಮ್ದುಕೆ’ ಕನ್ನಡ. ಹಾಸ್ಯಕ್ಕೆಂದು ಕಟ್ಟಿದ ಈ ಮುಸ್ಲಿಂ ಕನ್ನಡವನ್ನು ಗಂಭೀರ ಕಥೆಯ ಸಂಭಾಷಣೆಗೂ ಎಳೆದು ತಂದರೆ ದುಃಖದ ಸನ್ನಿವೇಶವೂ ನಗೆಪಾಟಲಾಗುತ್ತದೆ. ಮುಸ್ಲಿಮರಿಗೆಲ್ಲ ಒಂದೇ ಕನ್ನಡವಿದೆ ಎಂಬ ಭ್ರಮೆಯೂ ಇದರ ಹಿಂದಿದೆ. ಬೊಳುವಾರು ಮಹಮದ್ ಕುಂಞಿ ಅವರ ಮುತ್ತುಪ್ಪಾಡಿಯ ಬ್ಯಾರಿಗಳ ಕನ್ನಡ ಬೇರೆ. ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದ ಕನ್ನಡ ಬೇರೆ. ಬಂಗಾರಪೇಟೆಯ ದಖನಿ ಮನೆಯವರ ಕನ್ನಡದಲ್ಲಿ ತೆಲುಗಿನ ಎಳೆತವೂ ಸೇರಿಕೊಂಡಿರುತ್ತದೆ. ಕೋಲಾರದ ಕಿವಿಗೆ ಇವು ಮೂರೂ ಬೇರೆ ಬೇರೆ ಊರು.

ಹಾಗಾದರೆ ಶುದ್ಧ ಉರ್ದು ಉಚ್ಚಾರಣೆ ಬೇಕೇ? ಇದಕ್ಕೆ ಉತ್ತರ ಸುಲಭವಲ್ಲ. ಕನ್ನಡ ಅಚ್ಚಿನಲ್ಲಿ ಸಾಮಾನ್ಯವಾಗಿ ‘ಫಾತಿಮಾ’ದ ಫಕಾರಕ್ಕೂ ‘ಫಲ’ದ ಫಕಾರಕ್ಕೂ ಒಂದೇ ಅಕ್ಷರ. ‘ನಮಾಜ್’ನ ಜಕಾರಕ್ಕೂ ‘ಜನ’ದ ಜಕಾರಕ್ಕೂ ಒಂದೇ ಅಕ್ಷರ. ಪುಟ ಮುಚ್ಚಿಟ್ಟಿದ್ದನ್ನು ದನಿ ಬಿಚ್ಚಲೇಬೇಕು. ವಾಚಕ ಇಲ್ಲಿ ಆಯ್ಕೆ ಮಾಡದೆ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಲಖನೌದ ಉಚ್ಚಾರಣೆಯನ್ನು ತಂದು ಕೂರಿಸಿದರೂ ಸರಿಹೋಗುವುದಿಲ್ಲ. ಅರಬ್ಬಿಯ ಗಂಟಲಾಳದ ಕಕಾರವನ್ನು ದಖನಿಯವರು ಖಕಾರದ ಹಾಗೆ ನುಡಿಯುತ್ತಾರೆ. ಪುಸ್ತಕದ ಪಂಡಿತನಿಗೆ ಅದು ತಪ್ಪು. ಕೋಲಾರದ ಅಜ್ಜಿಗೆ ಅದೇ ಮಾತು. ಕಥೆಯ ಪಾತ್ರ ಮದರಸದ ಮೌಲವಿಯಾದರೆ ಒಂದು ನಾಲಿಗೆ, ಗಣಿ ಕಾಲೊನಿಯಲ್ಲಿ ಹಾಲು ಮಾರುವವಳಾದರೆ ಇನ್ನೊಂದು ನಾಲಿಗೆ. ಸರಿಯಾದ ಉಚ್ಚಾರಣೆ ಯಾವುದು ಎಂಬುದನ್ನು ಹೇಳಬೇಕಾದುದು ನಿಘಂಟಲ್ಲ, ಕಥೆ ನಡೆಯುವ ಊರು.

ಮಾಸ್ತಿಯವರನ್ನು ಇಲ್ಲಿ ನೆನೆಯಬೇಕು. ಅವರ ಊರು ಈ ರೈಲು ಹಾದುಹೋಗುವ ಮಾಲೂರು ತಾಲೂಕಿನದೇ. ಮನೆಮಾತು ತಮಿಳು. ಆದರೂ 1920ರ ‘ಕೆಲವು ಸಣ್ಣ ಕಥೆಗಳು’ ಸಂಕಲನದಿಂದ ಮೊದಲುಗೊಂಡು ಕನ್ನಡ ಕಥೆಗೆ ಜಗಲಿಯ ಮೇಲೆ ಕೂತು ಹೇಳುವವನ ದನಿ ಕೊಟ್ಟವರು ಅವರೇ. ಮನೆಮಾತು ಬೇರೆಯಿದ್ದವರು ಕನ್ನಡಕ್ಕೆ ದನಿಯಾಗುವುದು ಈ ಸೀಮೆಗೆ ಹೊಸದಲ್ಲ. ಹಾಗಿರುವಾಗ ಕನ್ನಡದ ವಾಚಕರೆಂದರೆ ಬೆಂಗಳೂರು, ಮೈಸೂರಿನ ರಂಗಭೂಮಿ, ಆಕಾಶವಾಣಿಯ ದನಿಯೇ ಆಗಬೇಕೆಂದೇನೂ ಇಲ್ಲ. ರಾಬರ್ಟ್‌ಸನ್‌ಪೇಟೆಯ ತಮಿಳು ಮನೆಯ ಹುಡುಗಿ, ಬಂಗಾರಪೇಟೆಯ ದಖನಿ ಮನೆಯ ಹುಡುಗ ಯಾಕೆ ಕನ್ನಡ ಕಾದಂಬರಿ ಓದಿ ಹೇಳಬಾರದು? ಅವರ ಕನ್ನಡದಲ್ಲಿರುವ ಎಳೆತ ದೋಷವಲ್ಲ. ಅದೂ ಕನ್ನಡವೇ.

ಹೈದರನ ಎರಡು ವಾಚಕರು

ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಗೆ ಓದು ಬರಹ ಬರುತ್ತಿರಲಿಲ್ಲ. ರಾಜ್ಯವನ್ನು ಆತ ಕಿವಿಯಿಂದಲೇ ಆಳಿದ. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಪಾದ್ರಿ ಶ್ವಾರ್ಟ್ಸ್ ಆತನ ಪದ್ಧತಿಯನ್ನು ಬರೆದಿಟ್ಟಿದ್ದಾರೆ. ಹೈದರ್ ಒಬ್ಬನಿಗೆ ಹೇಳಿ ಕಾಗದ ಬರೆಸುತ್ತಿದ್ದ, ಅವನಿಂದಲೇ ಓದಿಸಿ ಕೇಳುತ್ತಿದ್ದ. ಆಮೇಲೆ ಇನ್ನೊಬ್ಬನನ್ನು ಕರೆಸಿ ಅದೇ ಕಾಗದವನ್ನು ಮತ್ತೆ ಓದಿಸುತ್ತಿದ್ದ. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಬರೆದವನ ತಲೆ ಹೋಗುತ್ತಿತ್ತು.

ತಲೆದಂಡದ ಮಾತು ನಮಗೆ ಬೇಡ. ಆದರೆ ಅದರೊಳಗಿನ ತಿಳಿವಳಿಕೆ ಬೇಕು. ಓದಲು ಬಾರದವನು ಮೋಸಹೋಗದೆ ಉಳಿಯಬೇಕಾದರೆ ಎರಡನೆಯ ದನಿ ಬೇಕು ಎಂಬುದನ್ನು ಆತ ಅರಿತಿದ್ದ. ಇಂದಿನ ಕೇಳುಗನಿಗೆ ಆ ಎರಡನೆಯ ದನಿ ಯಾವುದು? ಅದು ವಿಮರ್ಶೆಯೇ ಆಗಬೇಕು. ಪುಸ್ತಕ ಬಲ್ಲವರು, ಊರು ಬಲ್ಲವರು ಕೇಳಿ ನೋಡಿ, ಇಲ್ಲಿ ಓದಿದ್ದು ಸರಿ, ಇಲ್ಲಿ ಪಾತ್ರದ ಮರ್ಯಾದೆ ಹೋಯಿತು ಎಂದು ಹೇಳಬೇಕು. ಕಂಪ್ಯೂಟರ್ ತಯಾರಿಸಿದ ದನಿಗಳು ಕನ್ನಡ ಪುಟಗಳನ್ನು ಓದತೊಡಗಿರುವ ಈ ಹೊತ್ತಿನಲ್ಲಿ ಇದು ಇನ್ನಷ್ಟು ತುರ್ತಿನದು. ಯಂತ್ರಕ್ಕೆ ತಪ್ಪುಗಳು ಕಡಿಮೆಯಾಗಬಹುದು. ಆದರೆ ಅದಕ್ಕೆ ಒಂದು ಊರೇ ಇಲ್ಲ. ಎಲ್ಲರನ್ನೂ ಒಂದೇ ಊರಿನವರನ್ನಾಗಿ ಮಾಡುವುದು ಅದಕ್ಕೆ ಸುಲಭ.

ಆದ್ದರಿಂದ ಪ್ರಕಾಶಕರಲ್ಲಿ, ಪತ್ರಿಕೆಗಳಲ್ಲಿ ಕೇಳುವುದಿಷ್ಟೇ. ಆಡಿಯೋ ಪುಸ್ತಕದ ಜಾಹೀರಾತಿನಲ್ಲಿ ಲೇಖಕರ ಹೆಸರಿನ ಪಕ್ಕದಲ್ಲೇ ವಾಚಕರ ಹೆಸರೂ ಇರಲಿ, ಅವರಿಗೆ ತಕ್ಕ ಸಂಭಾವನೆಯೂ ಸಿಗಲಿ. ಪುಸ್ತಕ ವಿಮರ್ಶೆಯ ಪುಟದಲ್ಲಿ ಓದಿದ ರೀತಿಗೂ ಒಂದು ಪ್ಯಾರಾ ಮೀಸಲಿರಲಿ. ಒಂದು ಊರಿನ ಕಥೆ ಓದಿಸುವ ಮುನ್ನ ಆ ಊರಿನವರಿಗೆ ಒಮ್ಮೆ ಕೇಳಿಸಲಿ. ಮಾರಿಕುಪ್ಪಂ ರೈಲಿನಲ್ಲಿ ನಿಂತು ಪ್ರಯಾಣಿಸುವವನು ಕನ್ನಡ ಸಾಹಿತ್ಯದ ಬಾಗಿಲಿಗೆ ಬಂದಿದ್ದಾನೆ. ಒಳಗಿನಿಂದ ಕೇಳುವ ದನಿ ಅವನನ್ನು ಗುರುತು ಹಿಡಿದು ಕರೆಯುವಂತಿರಬೇಕು.