ನೆಲಮಟ್ಟದ ಅರ್ಧ ಅಡಿ

ಯಲಹಂಕ ಬಿಟ್ಟು ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟರೆ, ಲೇಔಟುಗಳ ನಡುವೆ ಹಸುವಿನ ಕೊಟ್ಟಿಗೆಗಳು ಇನ್ನೂ ಕಾಣುತ್ತವೆ. ತಗಡಿನ ಮಾಡು, ಅದರಡಿ ನಾಲ್ಕಾರು ಸೀಮೆಹಸು. ಮಾಡನ್ನು ಹೊತ್ತಿರುವುದು ಒಂದು ಕಡೆ ಕಲ್ಲುಕಂಬ, ಇನ್ನೊಂದು ಕಡೆ ನೀಲಗಿರಿ ಮರ, ಈಚೆಗೆ ಕಟ್ಟಿದ್ದಾದರೆ ಕಬ್ಬಿಣದ ಪೈಪು. ತೋಟದ ಮನೆ, ಶೆಡ್ಡು ಕಟ್ಟಿಸುವವರು ಈಗ ಇನ್ನೊಂದನ್ನೂ ವಿಚಾರಿಸುತ್ತಾರೆ: ತೆಳು ಪದರಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಲ್ಯಾಮಿನೇಟೆಡ್ ಕಂಬ. ಇಡೀ ಮರದ್ದು ಹಾಕಿಸುವುದೋ, ಅಂಟಿಸಿದ್ದು ಹಾಕಿಸುವುದೋ? ಈ ಪ್ರಶ್ನೆಗೆ ಉತ್ತರ ಹೇಳುವವರಲ್ಲಿ ಹೆಚ್ಚಿನವರು ನೋಡುವುದು ಕಂಬದ ನಡುವನ್ನು. ನೋಡಬೇಕಾದದ್ದು ಬುಡವನ್ನು.

ನೆಟ್ಟ ಕಂಬ ಹಾಳಾಗುವ ಜಾಗ ಒಂದೇ, ನೆಲಮಟ್ಟದ ಮೇಲೆ ಕೆಳಗೆ ಸೇರಿ ಅರ್ಧ ಅಡಿ. ಆಳದಲ್ಲಿ ಗಾಳಿಯಾಡುವುದಿಲ್ಲ, ಮೇಲೆ ತೇವ ನಿಲ್ಲುವುದಿಲ್ಲ. ಗಾಳಿಯೂ ತೇವವೂ ಕೂಡುವ ಆ ಪಟ್ಟಿಯಲ್ಲೇ ಶಿಲೀಂಧ್ರ ಹಿಡಿಯುತ್ತದೆ, ಕೆಮ್ಮಣ್ಣಿನಿಂದ ಗೆದ್ದಲು ಏರುತ್ತದೆ. ಕೊಟ್ಟಿಗೆಯಲ್ಲಾದರೆ ಗಂಜಲ ಮತ್ತು ತೊಳೆದ ನೀರು ದಿನವೂ ಅಲ್ಲೇ ಹರಿಯುತ್ತವೆ. ಹಳೆಯ ನೀಲಗಿರಿ ಕಂಬವೊಂದರ ಬುಡದ ಮಣ್ಣು ಸರಿಸಿ ನೋಡಿ. ಬಳಿದ ಡಾಂಬರು ಹಾಗೇ ಕರ್ರಗೆ ಹೊಳೆಯುತ್ತಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಆ ಕಪ್ಪು ಸಿಪ್ಪೆ ಒಳಕ್ಕೆ ಕುಸಿಯುತ್ತದೆ. ಒಳಗೆ ಇರುವುದು ಗೆದ್ದಲು ಕಟ್ಟಿದ ಮಣ್ಣು. ಡಾಂಬರು ಬಳಿಯುವುದು, ಹಳೆ ಆಯಿಲ್ ಸವರುವುದು, ಬುಡ ಸುಡುವುದು, ಇವೆಲ್ಲ ಮೈಮೇಲಿನ ಉಪಚಾರ. ಬೇಸಿಗೆಯಲ್ಲಿ ಮರ ಒಣಗಿ ಸೀಳಿದ ಕೂಡಲೇ ದಾರಿ ತೆರೆಯಿತು. ಬುಡಕ್ಕೆ ಕಾಂಕ್ರೀಟ್ ಸುರಿದವರ ಪಾಡೂ ಬೇರೆಯಲ್ಲ. ಮರ ಕುಗ್ಗಿ ನಡುವೆ ಸಂದಾಗುತ್ತದೆ, ಅದರಲ್ಲಿ ನೀರು ನಿಲ್ಲುತ್ತದೆ. ಕಬ್ಬಿಣದ ಪೈಪು ಕೂಡ ಗಂಜಲಕ್ಕೆ ತುಕ್ಕು ಹಿಡಿದು ತೂತಾಗುವುದು ಇದೇ ಅರ್ಧ ಅಡಿಯಲ್ಲಿ.

ಇಡೀ ಮರ, ಅಂಟಿಸಿದ ಮರ ಎರಡನ್ನೂ ಇಲ್ಲಿಟ್ಟು ತೂಗಬೇಕು. ಮರದ ಚೇಗಿನ ಸುತ್ತಲಿನ ಬಿಳಿ ಭಾಗ ಗೆದ್ದಲು, ಶಿಲೀಂಧ್ರ ತಡೆಯುವ ಔಷಧಿಯನ್ನು ಚೆನ್ನಾಗಿ ಹೀರುತ್ತದೆ, ನೀಲಗಿರಿಯ ಚೇಗು ಹೀರುವುದಿಲ್ಲ. ದುಂಡಗಿನ ಕಂಬಕ್ಕೆ ಒತ್ತಡದಲ್ಲಿ ಔಷಧಿ ಹಾಯಿಸಿದರೆ ಸುತ್ತಲೂ ಕವಚದಂತೆ ನಿಲ್ಲುತ್ತದೆ. ಅದೇ ಮರವನ್ನು ಸಾಮಿಲ್ಲಿನಲ್ಲಿ ಚೌಕಾಕಾರ ಕೊಯ್ಸಿದರೆ ಬಿಳಿ ಭಾಗ ಹೋಗಿ, ಔಷಧಿ ಕುಡಿಯದ ಚೇಗೇ ಹೊರಗೆ ಬರುತ್ತದೆ. ಹಾಗಾಗಿ ಇಡೀ ಮರದ್ದೇ ಬೇಕೆನ್ನುವವರು ಚೌಕದ ಆಸೆ ಬಿಟ್ಟು ದುಂಡು ಕಂಬ ತರಬೇಕು. ನಮ್ಮ ಆಚಾರಿಗಳಿಗೂ ಮನೆಯವರಿಗೂ ಚೌಕವೇ ಚೆಂದ ಕಾಣುವುದು ಈ ವಿಷಯದಲ್ಲಿ ನಷ್ಟದ ರುಚಿ.

ಲ್ಯಾಮಿನೇಟೆಡ್ ಕಂಬದ ನಿಜವಾದ ಹೆಚ್ಚುಗಾರಿಕೆಯೂ ಇದೇ ಜಾಗದಲ್ಲಿದೆ. ಅದು ನೆಟ್ಟಗಿರುತ್ತದೆ, ತಿರುಚುವುದಿಲ್ಲ, ಗಂಟುಗಳು ಒಂದೇ ಕಡೆ ಬೀಳುವುದಿಲ್ಲ. ಇವೆಲ್ಲ ಒಳ್ಳೆಯವೇ. ಆದರೆ ಮುಖ್ಯವಾದದ್ದು, ತೆಳು ಪದರಗಳಿಗೆ ಮೊದಲೇ ಔಷಧಿ ಹಾಯಿಸಿ ಆಮೇಲೆ ಅಂಟಿಸಿದರೆ ಅದು ಕಂಬದ ನಡುವಿನವರೆಗೂ ಇರುತ್ತದೆ. ಮುಂದೆ ಸೀಳಿದರೂ ಒಳಗೆ ಸಿಗುವುದು ಔಷಧಿ ಕುಡಿದ ಮರವೇ. ಮೊದಲು ಅಂಟಿಸಿ ಆಮೇಲೆ ಮೇಲೆ ಬಳಿದ ಕಂಬಕ್ಕೆ ಈ ಗುಣವಿಲ್ಲ. ಬರೀ ಮೊಳೆ ಹೊಡೆದು ಮೂರು ಹಲಗೆ ಜೋಡಿಸಿದ್ದಂತೂ ಇನ್ನೂ ಕಡೆ, ಹಲಗೆಗಳ ಸಂದಿನಲ್ಲಿ ನೀರು ಇಳಿದು ಅಲ್ಲೇ ಕೂರುತ್ತದೆ.

ಇನ್ನು ಅಂಟು. ಪದರ ಮರದ ವಿದ್ಯೆ ಉತ್ತರ ಬೆಂಗಳೂರಿಗೆ ಹೊರಗಿನದಲ್ಲ. ಪ್ಲೈವುಡ್ ಉದ್ಯಮಕ್ಕೆಂದೇ ಕಟ್ಟಿದ ಸಂಶೋಧನಾ ಸಂಸ್ಥೆ, ಇಪಿರ್ಟಿ, ಬೆಳೆದದ್ದು ಯಶವಂತಪುರದ ತುಮಕೂರು ರಸ್ತೆಯಲ್ಲೇ. ಬಿದಿರಿನ ಚಾಪೆಗಳನ್ನು ಅಂಟಿಸಿ ಹಲಗೆ, ಮಾಡಿನ ಶೀಟು ಮಾಡಿ ತೋರಿಸಿದ್ದು ಅದರ ದೊಡ್ಡ ಕೆಲಸ. ಪದರ ದಿಮ್ಮಿಗೆ ಐಎಸ್ 14616 ಎಂಬ ಭಾರತೀಯ ಮಾನಕವೂ ಇದೆ. ಅಂಗಡಿಯಲ್ಲಿ ಕೇಳಬೇಕಾದದ್ದು ಮರದ ಜಾತಿಗಿಂತ ಅಂಟಿನ ಜಾತಿ. ಯೂರಿಯಾ ಅಂಟು ಮನೆಯೊಳಗಿನ ಕಪಾಟಿಗೆ ಸಾಕು, ಗಂಜಲದ ಪಕ್ಕಕ್ಕಲ್ಲ. ಹೊರಗೆ ನಿಲ್ಲುವುದು ಫಿನಾಲ್ ಅಂಟು. ಅನುಮಾನವಿದ್ದರೆ ಒಂದು ತುಂಡು ಕೊಯ್ದು ಹಂಡೆಯಲ್ಲಿ ಎಂಟು ಗಂಟೆ ಕುದಿಸಿ. ಪದರ ಬಿಟ್ಟುಕೊಂಡರೆ ಆ ಕಂಬವನ್ನು ತೆಗೆದುಕೊಳ್ಳಬೇಡಿ.

ಅಂಟಿಸಿದ ಬಿದಿರನ್ನು ನಮ್ಮ ಜನ ದೊಡ್ಡದಾಗಿ ಕಂಡದ್ದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಎರಡನೇ ಟರ್ಮಿನಲ್‌ನ ಕಂಬ, ಛಾವಣಿಗೆಲ್ಲ ಅದೇ ಹೊದಿಕೆ. ಕಣ್ಣಿಗೆ ತಂಪು, ಮನಸ್ಸಿಗೂ ಹಿತ. ನನಗೆ ಅದು ತುಂಬ ಇಷ್ಟ. ಆದರೆ ಭಾರ ಹೊತ್ತಿರುವುದು ಒಳಗಿನ ಉಕ್ಕು. ಬಿದಿರು ಮಾಡಿನ ಕೆಳಗೆ, ಒಣ ಗಾಳಿಯಲ್ಲಿ, ಮಣ್ಣು ಮುಟ್ಟದೆ ನಿಂತಿದೆ. ಅದನ್ನು ನೋಡಿ ಬಂದು ಕೊಟ್ಟಿಗೆಯಲ್ಲಿ ಅಂಟಿಸಿದ ಕಂಬ ನೆಡಲು ಹೊರಟವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಮಣ್ಣಿನಲ್ಲಿ ಮರ ನೆಟ್ಟು ಇಡೀ ಕಟ್ಟಡ ನಿಲ್ಲಿಸುವ ಕ್ರಮ ಅಮೆರಿಕದಲ್ಲಿ 1930ರ ದಶಕದಲ್ಲಿ ಹರಡಿತು. ಕಂಬಕ್ಕೆ ಔಷಧಿ ಹಾಯಿಸದೆ ಅದು ನಡೆಯುವಂಥದ್ದಲ್ಲ. ಅದೇ ದಶಕದಲ್ಲಿ, 1933ರಲ್ಲಿ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಔಷಧಿಯನ್ನು ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಮುಂದೆ ಅಮೆರಿಕದ ಕಂಬಗಳಿಗೂ ಅದೇ ಬಂತು. ಹಸು ಕಂಬವನ್ನು ನೆಕ್ಕುತ್ತದೆ, ಮೈ ಉಜ್ಜುತ್ತದೆ; ಹಾಗಾಗಿ ನಮ್ಮ ಕೊಟ್ಟಿಗೆಗೆ ಆರ್ಸೆನಿಕ್ ಬದಲು ಬೋರಾನ್ ಸೇರಿಸಿದ್ದೇ ಮೇಲು. ಅದು ನೆಲದಡಿಯ ತೇವದಲ್ಲಿ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ ನಿಜ. ಮರವನ್ನು ನೆಲದಿಂದ ಮೇಲೆತ್ತಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ತೊಟ್ಟಿಮನೆ ಕಟ್ಟಿದವರು ಕಂಬವನ್ನು ಮಣ್ಣಿಗೆ ಇಳಿಸಲಿಲ್ಲ, ಕಲ್ಲಿನ ಪೀಠದ ಮೇಲೆ ಕೂರಿಸಿದರು. ಆದರೆ ಅಲ್ಲಿ ಹೆಂಚಿನ ಭಾರ, ಗೋಡೆಯ ಆಸರೆ ಇತ್ತು. ತಗಡಿನ ಶೆಡ್ಡಿಗೆ ಅವೆರಡೂ ಇಲ್ಲ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಾಡನ್ನು ಮೇಲಕ್ಕೆತ್ತುತ್ತದೆ. ನೆಟ್ಟ ಕಂಬವಾದರೆ ಮಣ್ಣು ಹಿಡಿದುಕೊಳ್ಳುತ್ತದೆ, ಪೀಠದ ಮೇಲಿನದು ಕಳಚಿಕೊಳ್ಳುತ್ತದೆ. ಇಡೀ ಎತ್ತರಕ್ಕೂ ಕಲ್ಲುಕಂಬವೇ ಇರಲಿ ಎಂದರೆ, ಕಲ್ಲು ಭಾರ ತಡೆಯುತ್ತದೆಯೇ ಹೊರತು ಬಾಗುವುದನ್ನು ತಡೆಯದು. ದ್ರಾಕ್ಷಿ ಚಪ್ಪರದ ಗಿಡ್ಡ ಕಂಬಕ್ಕೆ ಅದು ಸರಿ, ಹನ್ನೆರಡು ಅಡಿಯ ಮಾಡಿಗೆ ಅಪಾಯ.

ಆದ್ದರಿಂದ ನನ್ನ ಮತ ಇದು. ಮಣ್ಣಿನೊಳಗೆ ಎರಡೂ ಬಗೆಯ ಮರ ಬೇಡ. ಕಾಂಕ್ರೀಟಿನ ಬುಡವನ್ನು ನೆಲದಿಂದ ಒಂದೂವರೆ ಅಡಿ ಮೇಲೆ ತಂದು, ಅದರಲ್ಲಿ ಹೂತ ಕಬ್ಬಿಣದ ಕ್ಲ್ಯಾಂಪಿಗೆ ಕಂಬವನ್ನು ಬೋಲ್ಟ್ ಹಾಕಿ ಬಿಗಿಯಬೇಕು. ಹಾಗೆ ಬಿಗಿದ ಕಂಬ ತಾನಾಗಿ ನಿಲ್ಲದು, ಓರೆ ಆಸರೆಗಳು ಎರಡು ದಿಕ್ಕಿಗೂ ಬೇಕೇ ಬೇಕು. ಖರ್ಚು ಉಳಿಸಲು ಇವನ್ನು ಬಿಟ್ಟರೆ ಮೊದಲ ಬಿರುಗಾಳಿಗೇ ಶೆಡ್ಡು ವಾಲುತ್ತದೆ. ಕಾಂಕ್ರೀಟಿನ ಬುಡದಿಂದ ಮೇಲೆ ಸಾಮಾನ್ಯ ಕೊಟ್ಟಿಗೆಗೆ ಔಷಧಿ ಹಾಯಿಸಿದ ದುಂಡು ಕಂಬ ಸಾಕು, ಅಗ್ಗವೂ ಹೌದು. ಎತ್ತರ ಹೆಚ್ಚಿದ್ದು, ತೊಲೆಗಳ ನಡುವೆ ಅಂತರ ದೊಡ್ಡದಿದ್ದು, ನೆಟ್ಟಗಿನ ಉದ್ದ ಮರ ಸಿಗದಿದ್ದರೆ ಮಾತ್ರ ಲ್ಯಾಮಿನೇಟೆಡ್‌ಗೆ ಹೆಚ್ಚು ದುಡ್ಡು ಕೊಡಬಹುದು. ಆಗಲೂ ಸೂರನ್ನು ಎರಡು ಅಡಿ ಹೊರಚಾಚಿ, ಇರಚಲು ಕಂಬಕ್ಕೆ ಬಡಿಯದಂತೆ ನೋಡಿಕೊಳ್ಳಬೇಕು.